ಬಾಡಿಗೆ ಮಣ್ಣಿನ ಮೇಲೆ ಬ್ರೇಕಿಲ್ಲದ ಓಟ

ಮೋಟಾರ್‌ಸೈಕಲ್ ಪಂದ್ಯಗಳ ಪೈಕಿ ಸ್ಪೀಡ್‌ವೇ ಎಂಬುದು ನಿಯಮಗಳಲ್ಲಿ ಅತ್ಯಂತ ಸರಳವಾದ, ಕೌಶಲದ ದೃಷ್ಟಿಯಿಂದ ಅತ್ಯಂತ ಕಠಿಣವಾದ ಕ್ರೀಡೆ. ಸುಮಾರು 300 ಮೀಟರ್ ಸುತ್ತಳತೆಯ ಅಂಡಾಕಾರದ ಮಣ್ಣಿನ ಓಟಪಥದಲ್ಲಿ ನಾಲ್ವರು ಸವಾರರು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಾಲ್ಕು ಸುತ್ತು ಓಡುತ್ತಾರೆ. ಹೀಟ್ ಎಂದು ಕರೆಯಲಾಗುವ ಈ ಓಟ ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸವಾರನ ಕೆಳಗಿರುವ ವಾಹನಕ್ಕೆ 500 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್, ಒಂದೇ ಗೇರ್; ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್ ಎಂಬ ಮದ್ಯಸಾರ; ಬ್ರೇಕ್ ಇಲ್ಲವೇ ಇಲ್ಲ. ತೂಕ 77 ಕಿಲೋಗ್ರಾಂಗಿಂತ ಕಡಿಮೆ ಇರಬಾರದು ಎಂಬ ನಿಯಮವಿರುವುದರಿಂದಲೇ ಈ ಯಂತ್ರ ಎಷ್ಟು ಹಗುರವೆಂಬುದನ್ನು ಊಹಿಸಬಹುದು.

ಬ್ರೇಕಿಲ್ಲದ ವಾಹನ ತಿರುವಿನಲ್ಲಿ ತಿರುಗುವ ಬಗೆಯೇ ಈ ಕ್ರೀಡೆಯ ಜೀವಾಳ. ನೇರ ಹಾದಿಯ ಕೊನೆಗೆ ಬಂದ ಸವಾರ ಮೈಯನ್ನು ಎಡಕ್ಕೆ ವಾಲಿಸಿ, ಹಿಂದಿನ ಚಕ್ರ ಹಿಡಿತ ಕಳೆದುಕೊಂಡು ಬಲಕ್ಕೆ ಜಾರುವಂತೆ ಮಾಡುತ್ತಾನೆ; ಮುಂದಿನ ಚಕ್ರವನ್ನು ಬಲಕ್ಕೇ ತಿರುಗಿಸಿ ಹಿಡಿದಿದ್ದರೂ ವಾಹನ ಮಾತ್ರ ಎಡಕ್ಕೆ ಬಾಗಿದ ಹಾದಿಯಲ್ಲೇ ಅಡ್ಡಡ್ಡವಾಗಿ ಸಾಗುತ್ತದೆ. ಆ ಕ್ಷಣದಲ್ಲಿ ಅವನ ಎಡಗಾಲು ನೆಲಕ್ಕೆ ತಗುಲಿರುತ್ತದೆ, ಬೂಟಿನ ಅಡಿಗೆ ಕಟ್ಟಿದ ಉಕ್ಕಿನ ಪಾದರಕ್ಷೆ ಮಣ್ಣನ್ನು ಸೀಳುತ್ತಾ ಹೋಗುತ್ತದೆ. ಜಾರುವಿಕೆಯನ್ನು ಹಿಡಿತದಲ್ಲಿಡುವ ಸಾಧನ ಆಕ್ಸಿಲರೇಟರ್ ಒಂದೇ: ಭಯದಿಂದ ಅದನ್ನು ಥಟ್ಟನೆ ಮುಚ್ಚಿದವನ ಹಿಂಚಕ್ರ ಒಮ್ಮೆಲೇ ನೆಲವನ್ನು ಕಚ್ಚಿ ಅವನನ್ನು ಎತ್ತಿ ಎಸೆಯಬಹುದು. ಸವಾರನ ಮಣಿಕಟ್ಟಿಗೆ ಒಂದು ದಾರ ಕಟ್ಟಿರುತ್ತದೆ. ಅವನು ಬಿದ್ದ ಕೂಡಲೇ ಅದು ಕಿತ್ತು ಬಂದು ಎಂಜಿನ್ನನ್ನು ನಿಲ್ಲಿಸುತ್ತದೆ. ಪ್ರತಿ ಹೀಟ್‌ನಲ್ಲೂ ಚಕ್ರಗಳು ಎಸೆದ ಮಣ್ಣು ಹೊರ ಅಂಚಿಗೆ ಹೋಗಿ ಗುಡ್ಡೆಯಾಗುವುದರಿಂದ ಒಳ ಅಂಚು ನುಣುಪಾಗುತ್ತದೆ. ಹತ್ತಿರದ ಆದರೆ ಜಾರುವ ಒಳದಾರಿ ಹಿಡಿಯಬೇಕೋ, ಸುತ್ತುಬಳಸಿನ ಆದರೆ ಹಿಡಿತ ಕೊಡುವ ಹೊರದಾರಿ ಹಿಡಿಯಬೇಕೋ ಎಂಬ ನಿರ್ಧಾರವನ್ನು ಸವಾರ ಪ್ರತಿ ತಿರುವಿನಲ್ಲೂ ಹೊಸದಾಗಿ ಮಾಡಬೇಕಾಗುತ್ತದೆ. ಹೀಟ್‌ಗಳ ನಡುವೆ ಟ್ರ್ಯಾಕ್ಟರ್ ಆ ಮಣ್ಣನ್ನು ಮತ್ತೆ ಒಳಕ್ಕೆ ಎಳೆದು ಹರಡುತ್ತದೆ, ಧೂಳು ಏಳದಂತೆ ನೀರು ಚಿಮುಕಿಸಲಾಗುತ್ತದೆ. ಮಣ್ಣನ್ನು ಹದಗೊಳಿಸುವವನ ಕೈಚಳಕ ಸವಾರನ ಕೈಚಳಕದಷ್ಟೇ ಪಂದ್ಯದ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಕ್ರೀಡೆಯ ಹುಟ್ಟೂರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ವೆಸ್ಟ್ ಮೇಟ್‌ಲೆಂಡ್ ಎಂದು ವಾಡಿಕೆಯಾಗಿ ಹೇಳಲಾಗುತ್ತದೆ. ಅಲ್ಲಿನ ಕೃಷಿ ಪ್ರದರ್ಶನ ಮೈದಾನದಲ್ಲಿ 1923ರ ಡಿಸೆಂಬರ್ 15ರ ರಾತ್ರಿ, ನ್ಯೂಜಿಲೆಂಡ್ ಮೂಲದ ಜಾನಿ ಹಾಸ್ಕಿನ್ಸ್ ವಿದ್ಯುದ್ದೀಪಗಳ ಬೆಳಕಿನಲ್ಲಿ ಮೋಟಾರ್‌ಸೈಕಲ್ ಓಟವನ್ನು ಏರ್ಪಡಿಸಿದರು. ಮಣ್ಣಿನ ಹಾದಿಯ ಓಟಗಳು ಅಮೆರಿಕದಲ್ಲೂ ಆಸ್ಟ್ರೇಲಿಯದಲ್ಲೂ ಅದಕ್ಕೂ ಮೊದಲೇ ನಡೆದಿದ್ದುದರಿಂದ ಈ ಹಕ್ಕುಮಂಡನೆಯನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ಸಂಜೆಯ ಹೊತ್ತು, ದೀಪದ ಬೆಳಕು, ಟಿಕೆಟ್ ಕೊಂಡು ಬರುವ ಸಾಮಾನ್ಯ ಜನ, ಕಣ್ಣಳತೆಯೊಳಗೇ ಮುಗಿಯುವ ಪುಟ್ಟ ಓಟಪಥ ಇವಿಷ್ಟನ್ನೂ ಒಂದು ಉದ್ಯಮವಾಗಿ ಕೂಡಿಸಿದ ಶ್ರೇಯಸ್ಸು ಹಾಸ್ಕಿನ್ಸ್ ಅವರಿಗೇ ಸಲ್ಲಬೇಕು. ಮುಂದೆ ಇಂಗ್ಲೆಂಡಿಗೆ ಹೋದ ಅವರು ವೆಂಬ್ಲಿ, ವೆಸ್ಟ್ ಹ್ಯಾಮ್ ಮೊದಲಾದ ತಂಡಗಳನ್ನು ನಡೆಸಿ, ಬಾಳಿನುದ್ದಕ್ಕೂ ಈ ಕ್ರೀಡೆಯ ಪ್ರಚಾರಕರಾಗಿಯೇ ಉಳಿದರು.

ಇಂಗ್ಲೆಂಡಿನಲ್ಲಿ ಸ್ಪೀಡ್‌ವೇ ಬೇರೂರಿದ ದಿನವೆಂದು ಸಾಮಾನ್ಯವಾಗಿ 1928ರ ಫೆಬ್ರವರಿ 19ನ್ನು ಹೇಳುತ್ತಾರೆ. ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನ ಹೈ ಬೀಚ್ ಎಂಬಲ್ಲಿ ಒಂದು ಹೋಟೆಲಿನ ಹಿಂದಿದ್ದ ಹಳೆಯ ಓಟಪಥದಲ್ಲಿ ಇಲ್‌ಫರ್ಡ್ ಮೋಟಾರ್‌ಸೈಕಲ್ ಕ್ಲಬ್ ಏರ್ಪಡಿಸಿದ ಆ ಪಂದ್ಯಕ್ಕೆ ಕೆಲವು ಸಾವಿರ ಜನ ಬರಬಹುದೆಂದು ಎಣಿಸಲಾಗಿತ್ತು. ಬಂದವರ ಸಂಖ್ಯೆ 30,000ದಷ್ಟಿತ್ತೆಂಬ ಅಂದಾಜಿದೆ. ಆ ವರ್ಷ ಮುಗಿಯುವುದರೊಳಗೆ ದೇಶದ ನಾನಾ ನಗರಗಳಲ್ಲಿ ಓಟಪಥಗಳು ತಲೆಯೆತ್ತಿದವು. ಇಷ್ಟು ಬೇಗ ಇದು ಸಾಧ್ಯವಾದದ್ದಕ್ಕೆ ಒಂದು ಸ್ಪಷ್ಟ ಕಾರಣವಿದೆ. ಬೇಟೆನಾಯಿಗಳ ಓಟದ ಜೂಜು ಇಂಗ್ಲೆಂಡಿನಲ್ಲಿ 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಎಂಬಲ್ಲಿ ಆರಂಭವಾಗಿ, ಅದಕ್ಕೆಂದು ದೀಪಗಳಿರುವ ಅಂಡಾಕಾರದ ಕ್ರೀಡಾಂಗಣಗಳು ಊರೂರಿನಲ್ಲಿ ಎದ್ದಿದ್ದವು. ವಾರದಲ್ಲಿ ಕೆಲವು ರಾತ್ರಿ ಮಾತ್ರ ನಾಯಿಗಳು ಓಡುತ್ತಿದ್ದ ಆ ಜಾಗಗಳನ್ನು ಉಳಿದ ರಾತ್ರಿ ಸ್ಪೀಡ್‌ವೇ ಬಾಡಿಗೆಗೆ ಪಡೆಯಿತು. ಸ್ವಂತ ನೆಲವಿಲ್ಲದೆ ಹೀಗೆ ಪರರ ಅಂಗಳದಲ್ಲಿ ಬೆಳೆದದ್ದು ಈ ಕ್ರೀಡೆಯ ಭಾಗ್ಯವೂ ಆಯಿತು, ಮುಂದಿನ ಬಹುಪಾಲು ಕಷ್ಟಗಳ ಮೂಲವೂ ಆಯಿತು.

ಮೊದಮೊದಲು ಒಬ್ಬೊಬ್ಬ ಸಾಹಸಿಯ ಪ್ರದರ್ಶನವಾಗಿದ್ದ ಓಟಗಳು 1929ರಲ್ಲಿ ಲೀಗ್ ಪದ್ಧತಿಗೆ ಬಂದವು. ಅಂದರೆ ತಂಡಗಳು ಋತುವಿಡೀ ಪರಸ್ಪರ ಸೆಣಸಿ ಅಂಕಪಟ್ಟಿಯಲ್ಲಿ ಸ್ಥಾನ ಪಡೆಯುವ ವ್ಯವಸ್ಥೆ ಬಂತು. ಇಂದಿನ ಬ್ರಿಟಿಷ್ ಕ್ರಮದಲ್ಲಿ ಏಳೇಳು ಸವಾರರ ಎರಡು ತಂಡಗಳು 15 ಹೀಟ್‌ಗಳಲ್ಲಿ ಎದುರಾಗುತ್ತವೆ, ಪ್ರತಿ ಹೀಟ್‌ನಲ್ಲೂ ಒಂದೊಂದು ತಂಡದಿಂದ ಇಬ್ಬರು. ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1 ಅಂಕ, ಕೊನೆಯವನಿಗೆ ಸೊನ್ನೆ. ಹೀಗಾಗಿ ಇಡೀ ಪಂದ್ಯದಲ್ಲಿ ಹಂಚಿಕೆಯಾಗುವುದು 90 ಅಂಕ, ಗೆಲುವಿಗೆ ಬೇಕಾದುದು 46. ಗೆದ್ದವನ ಜೊತೆಗಾರ ಎಷ್ಟನೆಯವನಾಗಿ ಬಂದನೆಂಬುದೂ ಎಣಿಕೆಗೆ ಬರುವುದರಿಂದ, ಮುಂದಿರುವ ಸವಾರ ಆಗಾಗ ಹಿಂತಿರುಗಿ ನೋಡಿ, ಎದುರಾಳಿಯ ದಾರಿಗೆ ಅಡ್ಡವಾಗಿ ತನ್ನ ಜೊತೆಗಾರನನ್ನು ಮುಂದೆ ತರುವ ಸೊಗಸಾದ ಆಟವನ್ನೂ ಪ್ರೇಕ್ಷಕರು ನೋಡಬಹುದು. 1933ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ರೂಪುಗೊಂಡ ಆರಂಭದ ಗೇಟ್, ಅಂದರೆ ಸವಾರರ ಎದುರಿಗೆ ಅಡ್ಡಲಾಗಿ ಕಟ್ಟಿದ ಪಟ್ಟಿ ಒಮ್ಮೆಲೇ ಮೇಲೆ ಚಿಮ್ಮುವ ಸಾಧನ, ಎಲ್ಲರಿಗೂ ಸಮಾನ ಆರಂಭವನ್ನು ಒದಗಿಸಿ ಅದುವರೆಗಿನ ಜಗಳಗಳಿಗೆ ತೆರೆ ಎಳೆಯಿತು.

ಮಹಿಳೆಯರು ಈ ಕ್ರೀಡೆಯಲ್ಲಿ ಆರಂಭದಿಂದಲೇ ಇದ್ದರೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಐರ್ಲೆಂಡಿನ ಫೇ ಟೇಲರ್ ಹೆಸರಾಂತ ಪುರುಷ ಸವಾರರನ್ನು ಸೋಲಿಸಿ ಆಸ್ಟ್ರೇಲಿಯದಲ್ಲೂ ಇಂಗ್ಲೆಂಡಿನಲ್ಲೂ ಜನಪ್ರಿಯರಾಗಿದ್ದರು. ಆದರೆ 1930ರಲ್ಲಿ ಬ್ರಿಟನ್ನಿನಲ್ಲಿ ಮಹಿಳೆಯರ ಸ್ಪರ್ಧೆಯನ್ನೇ ನಿಷೇಧಿಸಲಾಯಿತು. ಪುರುಷರು ಬಿದ್ದು ಸಾಯುತ್ತಿದ್ದಾಗಲೂ ನಿಲ್ಲದ ಓಟ ಮಹಿಳೆಯರ ಪಾಲಿಗೆ ಮಾತ್ರ ನಿಂತದ್ದು ಈ ಕ್ರೀಡೆಯ ಚರಿತ್ರೆಯ ಒಂದು ಅನ್ಯಾಯ.

ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಸುತ್ತು 1936ರ ಸೆಪ್ಟೆಂಬರ್ 10ರಂದು ವೆಂಬ್ಲಿಯಲ್ಲಿ ನಡೆಯಿತು. ಆಸ್ಟ್ರೇಲಿಯದ ಬ್ಲೂಯಿ ವಿಲ್ಕಿನ್‌ಸನ್ ಆ ರಾತ್ರಿ ತಮ್ಮ ಐದು ಓಟಗಳನ್ನೂ ಗೆದ್ದರು. ಆದರೂ ಅರ್ಹತಾ ಸುತ್ತುಗಳಿಂದ ತಂದ ಹೆಚ್ಚುವರಿ ಅಂಕಗಳನ್ನು ಸೇರಿಸುವ ವಿಚಿತ್ರ ನಿಯಮದಿಂದಾಗಿ ಅವರಿಗೆ ಮೂರನೆಯ ಸ್ಥಾನ ದಕ್ಕಿತು. ಸಮಬಲ ಸಾಧಿಸಿದ್ದ ಲಯನೆಲ್ ವ್ಯಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ನಡುವೆ ಮತ್ತೊಂದು ಓಟ ನಡೆದು, ಆಸ್ಟ್ರೇಲಿಯದ ವ್ಯಾನ್ ಪ್ರಾಗ್ ಮೊದಲ ವಿಶ್ವವಿಜೇತರಾದರು. ವಿಲ್ಕಿನ್‌ಸನ್ನರ ಪಾಲಿನ ಕಿರೀಟ 1938ರಲ್ಲಿ ಬಂತು.

ಎರಡನೆಯ ಮಹಾಯುದ್ಧದ ನಂತರದ ಕೆಲವು ವರ್ಷಗಳು ಬ್ರಿಟಿಷ್ ಸ್ಪೀಡ್‌ವೇಯ ಸುಗ್ಗಿಕಾಲ. ಆರ್ಥರ್ ಎಲ್ವಿನ್ ಒಡೆತನದ ವೆಂಬ್ಲಿ ಲಯನ್ಸ್ ತಂಡ 1946ರಿಂದ 1953ರವರೆಗಿನ ಎಂಟು ವರ್ಷಗಳಲ್ಲಿ ಏಳು ಬಾರಿ ಲೀಗ್ ಗೆದ್ದಿತು. ತಪ್ಪಿಹೋದ ಒಂದೇ ವರ್ಷ 1948; ಒಲಿಂಪಿಕ್ಸ್‌ಗಾಗಿ ಕ್ರೀಡಾಂಗಣವನ್ನು ಬಿಟ್ಟುಕೊಡಬೇಕಾಗಿ ಬಂದ ತಂಡ ಆ ಋತುವಿನಲ್ಲಿ ಬೇರೆಡೆ ಓಡಬೇಕಾಯಿತು, ಪ್ರಶಸ್ತಿ ನ್ಯೂ ಕ್ರಾಸ್ ತಂಡದ ಪಾಲಾಯಿತು. 1949ರ ವಿಶ್ವ ಫೈನಲ್‌ಗೆ ವೆಂಬ್ಲಿಯಲ್ಲಿ ನೆರೆದವರು 90,000ಕ್ಕೂ ಹೆಚ್ಚು. ಅನಂತರ ಭಾರವಾದ ಮನರಂಜನಾ ತೆರಿಗೆ, ಮನೆಮನೆಗೆ ಬಂದ ಟೆಲಿವಿಷನ್ ಎರಡೂ ಸೇರಿ ಪ್ರೇಕ್ಷಕರನ್ನು ಕರಗಿಸಿದವು. 1957ರ ಆರಂಭದಲ್ಲಿ ಎಲ್ವಿನ್ ತೀರಿಕೊಂಡ ಬೆನ್ನಿಗೇ ವೆಂಬ್ಲಿ ಲಯನ್ಸ್ ಲೀಗಿನಿಂದ ಹಿಂದೆ ಸರಿಯಿತು. ಅಷ್ಟು ಬಲಿಷ್ಠ ತಂಡವೊಂದು ಒಬ್ಬ ಮಾಲೀಕನ ಒಲವನ್ನೇ ನೆಚ್ಚಿಕೊಂಡಿತ್ತು. 1965ರಲ್ಲಿ 18 ತಂಡಗಳನ್ನು ಒಗ್ಗೂಡಿಸಿದ ಬ್ರಿಟಿಷ್ ಲೀಗ್ ಹುಟ್ಟಿದ ಮೇಲೆಯೇ ಕ್ರೀಡೆ ಚೇತರಿಸಿಕೊಂಡದ್ದು.

ಆ ಹೊತ್ತಿಗೆ ಸವಾರಿಯ ಶ್ರೇಷ್ಠತೆ ಬೇರೆ ದೇಶಗಳಿಗೆ ಹೊರಳಿತ್ತು. ಸ್ವೀಡನ್ನಿನ ಊವೆ ಫುಂಡಿನ್ ಐದು ಬಾರಿ, ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ ನಾಲ್ಕು ಬಾರಿ ವಿಶ್ವವಿಜೇತರಾದರು. ಅದೇ ನ್ಯೂಜಿಲೆಂಡಿನ ಐವನ್ ಮೇಜರ್ 1968ರಿಂದ 1979ರೊಳಗೆ ಆರು ಬಾರಿ ಗೆದ್ದರು. ಯಂತ್ರದ ಸಿದ್ಧತೆ, ದೇಹದ ಸಿದ್ಧತೆ ಎರಡನ್ನೂ ವೃತ್ತಿಪರ ಶಿಸ್ತಿಗೆ ತಂದವರಲ್ಲಿ ಅವರು ಅಗ್ರಗಣ್ಯರು.

ಯಂತ್ರದ ಮಾತಿನಲ್ಲಿ ಕರ್ನಾಟಕದ ಓದುಗರಿಗೆ ಪರಿಚಿತವಾದ ಹೆಸರೊಂದು ಎದುರಾಗುತ್ತದೆ. 1930ರ ದಶಕದಿಂದ ಸ್ಪೀಡ್‌ವೇಯನ್ನು ಆಳಿದ್ದು ಜೆಎಪಿ ಎಂಬ ಇಂಗ್ಲಿಷ್ ಎಂಜಿನ್. ಅದನ್ನು ಪಕ್ಕಕ್ಕೆ ಸರಿಸಿದ್ದು ಜೆಕೊಸ್ಲೊವಾಕಿಯದ ದಿವಿಶೋವ್ ಎಂಬ ಊರಿನ ಎಸೊ ಕಾರ್ಖಾನೆಯ ವಾಹನ. 1964ರಲ್ಲಿ ಈ ಕಾರ್ಖಾನೆ ಜಾವಾ ಸಂಸ್ಥೆಯಲ್ಲಿ ಸೇರಿದ್ದರಿಂದ ಮೇಜರ್, ಡೆನ್ಮಾರ್ಕಿನ ಓಲೆ ಓಲ್ಸೆನ್ ಮೊದಲಾದ ವಿಶ್ವವಿಜೇತರು ಏರಿದ ಬೈಕುಗಳ ಟ್ಯಾಂಕಿನ ಮೇಲೆ ಜಾವಾ ಎಂಬ ಹೆಸರಿತ್ತು. ಅದೇ ಕಾಲಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಆ ಸಂಸ್ಥೆಯ ಪರವಾನಗಿಯಡಿ ರಸ್ತೆಯ ಬೈಕುಗಳನ್ನು ತಯಾರಿಸುತ್ತಿತ್ತು, ಅವೇ ಮುಂದೆ ಯೆಜ್ಡಿಯಾದವು. ಎರಡೂ ಒಂದೇ ಬಗೆಯ ಯಂತ್ರವಲ್ಲ: ಮೈಸೂರಿನ ಜಾವಾದ್ದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಓಟಪಥದ್ದು 500 ಸಿಸಿಯ ಫೋರ್ ಸ್ಟ್ರೋಕ್. ಸ್ಪೀಡ್‌ವೇ ಅಭಿಮಾನಿಗಳು ಇಂದಿಗೂ ನೆನೆಯುವ ವಾಸನೆಯೂ ನಮಗೆ ಹೊಸತಲ್ಲ. ಎಂಜಿನ್ನಿಗೆ ಹಾಕುತ್ತಿದ್ದ ಹರಳೆಣ್ಣೆ ಕಾದಾಗ ಏಳುವ ವಾಸನೆ ಅದು. 1980ರ ದಶಕದಿಂದೀಚೆಗೆ ಇಟಲಿಯ ಜಿಎಂ ಎಂಜಿನ್ನುಗಳು ಮೇಲುಗೈ ಪಡೆದವು.

ಈ ಕ್ರೀಡೆ ತೆತ್ತ ಬೆಲೆಯೂ ದೊಡ್ಡದು. ಬೆಲ್ ವ್ಯೂ ಏಸಸ್ ತಂಡದ ಪೀಟರ್ ಕ್ರೇವನ್ 1955 ಮತ್ತು 1962ರಲ್ಲಿ ವಿಶ್ವವಿಜೇತರಾದ, ಪುಟ್ಟ ಮೈಕಟ್ಟಿನ, ಸಮತೋಲನದಲ್ಲಿ ಸರಿಸಾಟಿಯಿಲ್ಲದ ಸವಾರ. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೊದ ಓಟದಲ್ಲಿ, ಮುಂದೆ ಬಿದ್ದಿದ್ದ ಎದುರಾಳಿಯ ಮೇಲೆ ಹಾಯಬಾರದೆಂದು ವಾಹನವನ್ನು ಹೊರಳಿಸಿ ತಡೆಗೋಡೆಗೆ ಅಪ್ಪಳಿಸಿದ ಅವರು ನಾಲ್ಕು ದಿನಗಳ ನಂತರ ತೀರಿಕೊಂಡರು. ಮೂರು ಬಾರಿಯ ವಿಶ್ವವಿಜೇತ, ಡೆನ್ಮಾರ್ಕಿನ ಎರಿಕ್ ಗುಂಡರ್‌ಸನ್ನರ ಸವಾರಿ 1989ರ ಬ್ರ್ಯಾಡ್‌ಫರ್ಡ್ ಅಪಘಾತದೊಂದಿಗೆ ಕೊನೆಗೊಂಡಿತು. ಗಟ್ಟಿ ಬೇಲಿಗಳ ಜಾಗದಲ್ಲಿ ಗಾಳಿ ತುಂಬಿದ ಬೇಲಿಗಳು ಬಂದದ್ದು ಇಂಥ ಅನೇಕ ದುರಂತಗಳ ನಂತರ.

ಇಂದು ಸ್ಪೀಡ್‌ವೇಯ ಹೃದಯ ಇರುವುದು ಪೋಲೆಂಡಿನಲ್ಲಿ. ಅಲ್ಲಿ ಲೀಗ್ ಆರಂಭವಾದದ್ದು 1948ರಲ್ಲಿ. 1973ರಲ್ಲಿ ಹೋಜೂಫ್ ನಗರದ ಬೃಹತ್ ಕ್ರೀಡಾಂಗಣದಲ್ಲಿ ಯೆಝಿ ಶ್ಚಾಕ್ಯೆಲ್ ನಿರ್ಣಾಯಕ ಓಟದಲ್ಲಿ ಐವನ್ ಮೇಜರ್‌ರನ್ನು ಸೋಲಿಸಿ ಪೋಲೆಂಡಿನ ಮೊದಲ ವಿಶ್ವವಿಜೇತರಾದರು. ಎರಡನೆಯವರಾದ ತೊಮಾಷ್ ಗೊಲೊಬ್‌ಗಾಗಿ ದೇಶ 2010ರವರೆಗೆ ಕಾಯಬೇಕಾಯಿತು. 2019ರಲ್ಲಿ ಮೊದಲ ಪಟ್ಟ ಗೆದ್ದ ಬಾರ್ತೋಷ್ ಜ್ಮಾರ್ಜ್ಲಿಕ್ 2024ರ ಹೊತ್ತಿಗೆ ಐದು ಪಟ್ಟಗಳ ಒಡೆಯರಾಗಿದ್ದರು. ಲೆಶ್ನೊ, ಗೋಜೂಫ್, ತೊರೂನ್, ಲುಬ್ಲಿನ್‌ನಂಥ ಊರುಗಳಲ್ಲಿ ಊರಿನ ಹೆಮ್ಮೆ ಸ್ಪೀಡ್‌ವೇ ತಂಡಕ್ಕೆ ಅಂಟಿಕೊಂಡಿದೆ. ಅಭಿಮಾನಿಗಳ ಉತ್ಸಾಹ, ಪ್ರಾಯೋಜಕರ ಹಣ ಎಂದು ಇದಕ್ಕೆ ಕಾರಣ ಹೇಳುವುದುಂಟು. ಆದರೆ ಅವುಗಳಿಗಿಂತ ಮುಖ್ಯವಾದುದು, ಅಲ್ಲಿನ ಕ್ರೀಡಾಂಗಣಗಳು ಬಹುಮಟ್ಟಿಗೆ ನಗರಾಡಳಿತಗಳ ಒಡೆತನದಲ್ಲಿ ಇರುವುದು. 2009ರಲ್ಲಿ ತೊರೂನ್‌ನಲ್ಲಿ ಸ್ಪೀಡ್‌ವೇಗೆಂದೇ ಕಟ್ಟಿದ ಮೋಟೊಅರೆನಾಗೆ, 1970ರಲ್ಲಿ ಓಟದಲ್ಲಿ ಮಡಿದ ಸವಾರ ಮರಿಯನ್ ರೋಜೆಯ ಹೆಸರಿಡಲಾಗಿದೆ.

ಇತ್ತ ಇಂಗ್ಲೆಂಡಿನಲ್ಲಿ ನಗರದೊಳಗಿನ ನೆಲದ ಬೆಲೆ ಏರಿದಂತೆಲ್ಲ ಓಟಪಥಗಳು ಒಂದೊಂದಾಗಿ ಮನೆ, ಮಳಿಗೆಗಳಿಗೆ ಜಾಗ ಬಿಟ್ಟವು. ವೆಸ್ಟ್ ಹ್ಯಾಮ್ ತಂಡದ ಕಸ್ಟಮ್ ಹೌಸ್ 1972ರಲ್ಲಿ, ಬೆಲ್ ವ್ಯೂನ ಹೈಡ್ ರೋಡ್ 1987ರಲ್ಲಿ ಮುಚ್ಚಿದವು. 2005ರಲ್ಲಿ ವಿಂಬಲ್ಡನ್ ತಂಡ ನಿಂತಾಗ ಲಂಡನ್ನಿನ ಲೀಗ್ ಪರಂಪರೆಯೇ ಮುಗಿಯಿತು. ಕೊವೆಂಟ್ರಿಯ ಬ್ರ್ಯಾಂಡನ್‌ನಲ್ಲಿ 2016ರಿಂದೀಚೆಗೆ ಓಟವಿಲ್ಲ. ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ ತಾತ್ಕಾಲಿಕವಾಗಿ ಮಣ್ಣು ಹರಡಿ ಓಡಿಸುವ ವಿಶ್ವ ಗ್ರ್ಯಾನ್ ಪ್ರೀ ಪಂದ್ಯಗಳು ನೋಡಲು ವೈಭವದವಾದರೂ ಓಟಪಥದ ಕೊರತೆಯನ್ನು ತುಂಬಲಾರವು. 2015ರಲ್ಲಿ ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕಿಕ್ಕಿರಿದ ಜನರ ಎದುರಿಗೆ ಮಣ್ಣೂ ಗೇಟೂ ಕೈಕೊಟ್ಟು ಪಂದ್ಯವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಈ ಹಿನ್ನೆಲೆಯಲ್ಲಿ ಮ್ಯಾಂಚೆಸ್ಟರ್ ನಗರಾಡಳಿತದ ಮುಂದಾಳತ್ವದಲ್ಲಿ ಗೋರ್ಟನ್‌ನಲ್ಲಿ ನಿರ್ಮಾಣವಾದ ರಾಷ್ಟ್ರೀಯ ಸ್ಪೀಡ್‌ವೇ ಕ್ರೀಡಾಂಗಣಕ್ಕೆ ವಿಶೇಷ ಮಹತ್ವವಿದೆ. 2016ರ ಮಾರ್ಚ್‌ನಲ್ಲಿ ಪೀಟರ್ ಕ್ರೇವನ್ ಸ್ಮಾರಕ ಪಂದ್ಯದೊಂದಿಗೆ ಅದು ಆರಂಭವಾಗಬೇಕಿತ್ತು. ಮಣ್ಣಿನ ಹದ ಸವಾರಿಗೆ ಸುರಕ್ಷಿತವಾಗಿಲ್ಲವೆಂದು ಆ ದಿನದ ಪಂದ್ಯ ರದ್ದಾಯಿತು, ಓಟಪಥವನ್ನು ಮತ್ತೆ ಸಜ್ಜುಗೊಳಿಸಬೇಕಾಯಿತು. 2021ರಲ್ಲಿ ಅದೇ ಅಂಗಳದಲ್ಲಿ ಬ್ರಿಟನ್ ತಂಡ ಸ್ಪೀಡ್‌ವೇ ಆಫ್ ನೇಷನ್ಸ್ ವಿಶ್ವ ತಂಡ ಪ್ರಶಸ್ತಿಯನ್ನು ಗೆದ್ದಿತು, ಮರುವರ್ಷ ಈ ಅಂಗಳವನ್ನೇ ತವರಾಗಿಸಿಕೊಂಡ ಬೆಲ್ ವ್ಯೂ ಏಸಸ್ 1993ರ ನಂತರ ಮೊದಲ ಬಾರಿಗೆ ಲೀಗ್ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು.