ಕಣ್ಣು ಕಾಯುವ ಬೆಳಕು: ಲೇಸರ್

ಸಕ್ಕರೆ ಕಾಯಿಲೆಯುಳ್ಳವರಿಗೆ ವೈದ್ಯರು “ಕಣ್ಣಿಗೆ ಲೇಸರ್ ಮಾಡಿಸಬೇಕು” ಎಂದೊಡನೆ ಮನೆಮಂದಿಯೆಲ್ಲ ಗಾಬರಿಗೊಳ್ಳುವುದನ್ನು ನಾವು ಕಾಣುತ್ತೇವೆ. ಕಣ್ಣನ್ನೇ ಸುಟ್ಟುಬಿಡುವರೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡಿ, ಇದ್ದ ದೃಷ್ಟಿಯನ್ನೂ ಕಳೆದುಕೊಳ್ಳುವವರುಂಟು. ಆದುದರಿಂದ ಲೇಸರ್ ಎಂದರೇನೆಂಬುದನ್ನು ಮೊದಲು ಅರಿಯೋಣ.

ಲೇಸರ್ ಎಂಬುದು ಬೆಳಕೇ ಹೊರತು ಬೇರೇನೂ ಅಲ್ಲ. ಮನೆಯ ದೀಪದ ಬೆಳಕಿನಲ್ಲಿ ಹಲವು ಬಣ್ಣಗಳು ಬೆರೆತಿರುತ್ತವೆ. ಜಾತ್ರೆಯ ಜನರು ತಮಗೆ ತೋಚಿದತ್ತ ನಡೆಯುವಂತೆ ಅದು ದಿಕ್ಕುದಿಕ್ಕಿಗೆ ಚೆದುರುತ್ತದೆ. ಅದೇ ಜನರು ತೇರಿನ ಹಗ್ಗ ಹಿಡಿದು ಒಟ್ಟಾಗಿ ಎಳೆದರೆ ಭಾರವಾದ ರಥವೂ ಮುಂದೆ ಸಾಗುತ್ತದೆ. ಲೇಸರ್ ಅಂತಹ ಒಗ್ಗಟ್ಟಿನ ಬೆಳಕು. ಅದರ ಬಣ್ಣ ಒಂದೇ, ದಿಕ್ಕು ಒಂದೇ, ಅಲೆಗಳ ಹೆಜ್ಜೆಯೂ ಒಂದೇ.

ಹೊರಗಿನಿಂದ ಶಕ್ತಿ ಪಡೆದು ನಿಂತ ಪರಮಾಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣುವು ತದ್ರೂಪವಾದ ಮತ್ತೊಂದು ಕಣವನ್ನು ಹೊರಸೂಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎದುರುಬದುರಾದ ಎರಡು ಕನ್ನಡಿಗಳ ನಡುವೆ ಹೋಗಿಬರುತ್ತ ಬೆಳಕು ಬಲಗೊಳ್ಳುತ್ತದೆ. ಒಂದು ಕನ್ನಡಿಯು ಅದರಲ್ಲಿ ಸ್ವಲ್ಪವನ್ನು ಹೊರಬಿಡುತ್ತದೆ. ಅದೇ ಲೇಸರ್ ಕಿರಣ. ಇದರ ಮೂಲತತ್ತ್ವವನ್ನು 1917ರಲ್ಲಿ ಐನ್‌ಸ್ಟೈನರು ತಿಳಿಸಿದರು. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಅವರು ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು.

ಇನ್ನು ಕಣ್ಣಿನ ವಿಚಾರ. ಕಣ್ಣಿನ ಒಳಗೋಡೆಯಲ್ಲಿರುವ ಅಕ್ಷಿಪಟಲವೇ ನೋಟವನ್ನು ಗ್ರಹಿಸುವ ಪರದೆ. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಿದ್ದರೆ ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಹಾಳಾಗಿ ಸೋರುತ್ತವೆ. ಆಮ್ಲಜನಕ ಸಾಲದಾದಾಗ ದುರ್ಬಲವಾದ ಹೊಸ ನಾಳಗಳು ಬೆಳೆದು, ಒಡೆದು, ಕಣ್ಣೊಳಗೆ ರಕ್ತ ತುಂಬಬಹುದು. ಇದನ್ನು ತಡೆಯಲು ಹಸಿರು ಲೇಸರನ್ನು ಬಳಸುವುದುಂಟು. ಬಿಸಿಲು ಕಿಟಕಿಯ ಗಾಜನ್ನು ಬಿಸಿ ಮಾಡದೆ ದಾಟಿ ಒಳಗಿನ ಕಪ್ಪು ಕಂಬಳಿಯನ್ನು ಕಾಯಿಸುವಂತೆ, ಈ ಕಿರಣವು ಕಣ್ಣಿನ ಪಾರದರ್ಶಕ ಭಾಗಗಳನ್ನು ದಾಟಿ ಅಕ್ಷಿಪಟಲದ ಬಣ್ಣವುಳ್ಳ ಪದರದಲ್ಲಿ ಶಾಖವಾಗುತ್ತದೆ. ವೈದ್ಯರು ಅಂಚಿನ ಭಾಗದಲ್ಲಿ ಚುಕ್ಕೆಚುಕ್ಕೆಯಾಗಿ ಅದನ್ನು ಬಿಟ್ಟು, ಹೊಸ ನಾಳಗಳು ಬೆಳೆಯಲು ಕಾರಣವಾದ ಆಮ್ಲಜನಕದ ಕೊರತೆಯನ್ನು ತಗ್ಗಿಸುತ್ತಾರೆ. ಸಾಮಾನ್ಯವಾಗಿ ಮರಗಟ್ಟಿಸುವ ಹನಿಗಳೇ ಸಾಕು. ಕೆಲವರಿಗೆ ಚುಚ್ಚಿದಂತಹ ನೋವಾಗಬಹುದು.

ಈ ಚಿಕಿತ್ಸೆಯ ಮಿತಿಯನ್ನೂ ತಿಳಿದಿರಬೇಕು. ಇದು ಕಳೆದ ದೃಷ್ಟಿಯನ್ನು ಮರಳಿ ತರುವುದಕ್ಕಿಂತ ಉಳಿದುದನ್ನು ಕಾಯುವಂಥದು. ಕೆಲವರಿಗೆ ಪಕ್ಕದ ನೋಟವೂ ಇರುಳಿನ ನೋಟವೂ ತುಸು ಕುಗ್ಗಬಹುದು. ಚಿಕಿತ್ಸೆಯ ಬಳಿಕವೂ ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಹತೋಟಿಯಲ್ಲಿಡದೆ ಗತ್ಯಂತರವಿಲ್ಲ.

ಇದೇ ಬೆಳಕು ಆಟಿಕೆಯಾದರೆ ಅಪಾಯ. ಜಾತ್ರೆಯಲ್ಲಿ ಮಾರುವ ಲೇಸರ್ ಕಡ್ಡಿಗಳನ್ನು ಮಕ್ಕಳು ಕಣ್ಣಿಗೆ ಹಿಡಿಯದಂತೆ ಎಚ್ಚರ ವಹಿಸಬೇಕು.

ಈ ರೋಗವು ಮೊದಮೊದಲು ನೋವನ್ನಾಗಲಿ ಮಂಜನ್ನಾಗಲಿ ತೋರದು. “ನನಗೆ ಚೆನ್ನಾಗಿಯೇ ಕಾಣುತ್ತದೆ” ಎಂದು ಸುಮ್ಮನಿರುವುದು ತರವಲ್ಲ. ಸಕ್ಕರೆ ಕಾಯಿಲೆಯುಳ್ಳ ಸದ್ಭಕ್ತರು ವರ್ಷಕ್ಕೊಮ್ಮೆಯಾದರೂ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಅಂದು ಜೊತೆಗೊಬ್ಬರನ್ನು ಕರೆದೊಯ್ಯುವುದು ಲೇಸು.