ಶ್ರೀರಾಮಪುರದ ಬೂದಿಯಲ್ಲಿ ದೊರೆತದ್ದು

ಕಲ್ಕತ್ತೆಯಲ್ಲಿ ನೆಲಸಿರುವ ನಮ್ಮ ನಾಡಿನ ಜನರಿಗೆ ನಾಳೆಯ ಚಿಂತೆಯೆಂಬುದು ಹೊಸತಲ್ಲ. ಊರಿನಲ್ಲಿದ್ದವನಿಗೆ ಬೆಳೆ ಕೆಟ್ಟರೂ ಹಿತ್ತಲಲ್ಲಿ ಹಲಸಿನ ಮರವಿದೆ, ಅಣ್ಣತಮ್ಮಂದಿರ ಜಗಲಿಯಿದೆ. ಇಲ್ಲಿ ಸಂಬಳ ನಿಂತ ತಿಂಗಳೇ ಮನೆಯ ನೆರಳೂ ತಪ್ಪುತ್ತದೆ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವು ರಾತ್ರಿ ಗಲ್ಲಾಪೆಟ್ಟಿಗೆಗೆ ಬೀಗ ಹಾಕುವ ಮೊದಲು ಮರುದಿನದ ಅಕ್ಕಿ, ಉದ್ದು, ಹಾಲುಗಳ ಲೆಕ್ಕವನ್ನು ಬರೆದಿಟ್ಟೇ ಮಲಗುತ್ತಿದ್ದೆವು. ಆದಕಾರಣ, ಮುಂದಿನದನ್ನು ದೇವರು ಸಿದ್ಧಮಾಡಿರುತ್ತಾನೆಂದು ಯಾರಾದರೂ ಹೇಳಿದರೆ, "ಎಷ್ಟು ಮೂಟೆ?" ಎಂದು ಕೇಳುವ ಕೆಟ್ಟ ಅಭ್ಯಾಸವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ಹೋಟೆಲಿನ ಹಳೆಯ ಗಿರಾಕಿಗಳೂ ಈಗ ಈ ಪತ್ರಿಕೆಯ ವಾಚಕರೂ ಆದ ಕ್ರೈಸ್ತ ಮಿತ್ರರೊಬ್ಬರು ಇದ್ದಾರೆ. ದಕ್ಷಿಣ ಕನ್ನಡದ ಕಡೆಯವರು. ಬರುವ ವರ್ಷ ಕೆಲಸದಿಂದ ನಿವೃತ್ತರಾಗುತ್ತಾರೆ. ಕಂಪೆನಿಯವರು ಕೊಟ್ಟ ಮನೆಯನ್ನು ಬಿಡಬೇಕು. ಊರಿನಲ್ಲಿ ಇದ್ದ ಮನೆಯು ಪಾಲಿನಲ್ಲಿ ಹೋಗಿದೆ. ಮುಂದೇನೆಂದು ಕೇಳಿದಾಗ ಅವರು ಹೇಳಿದ್ದು ಮೇಲಿನ ಮಾತನ್ನೇ. "ಸಿದ್ಧವಾಗಿರುವುದು ಯಾವ ಬೀದಿಯಲ್ಲಿ?" ಎಂದು ನಾವು ತಡೆಯಲಾರದೆ ಕೇಳಿಬಿಟ್ಟೆವು. ಅವರು ಕೋಪಿಸಿಕೊಳ್ಳಲಿಲ್ಲ. "ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಜೊತೆ ಶ್ರೀರಾಮಪುರಕ್ಕೆ ಬನ್ನಿ, ರಾಯರೆ" ಎಂದರು.

ಶ್ರೀರಾಮಪುರವು ಹೌರಾದಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಸಮೀಪದ ಊರು. ಹೂಗ್ಲಿಯ ಪಶ್ಚಿಮ ದಡದಲ್ಲಿದೆ. ೧೮೪೫ರವರೆಗೆ ಅದು ಡೇನರ ವಶದಲ್ಲಿತ್ತು. ಆದುದರಿಂದಲೇ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಬೇಡವಾಗಿದ್ದ ಪಾದ್ರಿಗಳಿಗೆ ಅಲ್ಲಿ ಆಶ್ರಯ ದೊರೆಯಿತು. ವಿಲಿಯಂ ಕೇರಿ ಅಲ್ಲಿಗೆ ಬಂದದ್ದು ೧೮೦೦ರ ಜನವರಿಯಲ್ಲಿ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಮೋಚಿಯ ಕೆಲಸ ಮಾಡಿ ಬೆಳೆದ ಈ ಮನುಷ್ಯನು ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬಿಬ್ಬರ ಜೊತೆಗೂಡಿ ಅಲ್ಲಿ ಸ್ಥಾಪಿಸಿದ ಅಚ್ಚುಕೂಟದಿಂದ ಭಾರತದ ಹಲವಾರು ಭಾಷೆಗಳಲ್ಲಿ ಸತ್ಯವೇದದ ಭಾಗಗಳು ಹೊರಬಂದವು. ನಮ್ಮ ಕನ್ನಡವೂ ಆ ಭಾಷೆಗಳಲ್ಲಿ ಒಂದು. ಕಲ್ಕತ್ತೆಯ ಕನ್ನಡಿಗರಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆಯೋ ನಾವರಿಯೆವು. ನಮಗಂತೂ ಅಂದಿನವರೆಗೆ ತಿಳಿದಿರಲಿಲ್ಲ.

೧೮೧೨ನೆಯ ಮಾರ್ಚ್ ೧೧, ಬುಧವಾರ. ಸಂಜೆಯ ಹೊತ್ತು ಅಚ್ಚುಕೂಟದಲ್ಲಿ ಕುಳಿತಿದ್ದ ವಾರ್ಡನಿಗೆ ಹೊಗೆ ಕಾಣಿಸಿತು. ಉಗ್ರಾಣದ ಕಾಗದಕ್ಕೆ ಬೆಂಕಿ ಹಿಡಿದಿತ್ತು. ಬಾಗಿಲು ಕಿಟಕಿಗಳನ್ನು ಮುಚ್ಚಿಸಿ, ಮಾಡಿನ ಮೇಲಿನಿಂದ ನೀರು ಹೊಯ್ಯಿಸಿ, ಕೆಲವು ತಾಸುಗಳ ಕಾಲ ಬೆಂಕಿಯನ್ನು ಅದುಮಿ ಹಿಡಿದರು. ಅಷ್ಟರಲ್ಲಿ ಯಾರೋ ಕಿಟಕಿಯೊಂದನ್ನು ತೆರೆದರು. ಗಾಳಿ ನುಗ್ಗಿತು. ನಡುರಾತ್ರಿಯ ವೇಳೆಗೆ ಮಾಡು ಕುಸಿದುಬಿತ್ತು. ಕೇರಿ ಆ ರಾತ್ರಿ ಕಲ್ಕತ್ತೆಯಲ್ಲಿದ್ದನು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುವುದು ಅವನ ಉದ್ಯೋಗವಾಗಿತ್ತು. ಮರುದಿನ ಬೆಳಿಗ್ಗೆ ಮಾರ್ಷ್‌ಮನ್ ಬಂದು ಸುದ್ದಿಯನ್ನು ತಿಳಿಸಿದನು.

ಸುಟ್ಟುಹೋದುವುಗಳಲ್ಲಿ ಕಾಗದವೂ ಸೀಸದ ಮೊಳೆಗಳೂ ಇದ್ದುವು. ಹಣವಿದ್ದರೆ ಅವು ಮತ್ತೆ ಸಿಕ್ಕುವ ವಸ್ತುಗಳು. ಆದರೆ ಕೇರಿಯು ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ ಹೋಯಿತು. ತೆಲುಗು ವ್ಯಾಕರಣ ಹೋಯಿತು. ಸಂಸ್ಕೃತದೊಡನೆ ಭಾರತದ ಭಾಷೆಗಳನ್ನೆಲ್ಲ ಜೋಡಿಸಿ ವರ್ಷಗಟ್ಟಲೆ ಬರೆಯುತ್ತಿದ್ದ ಮಹಾಕೋಶವು ಒಂದು ಹಾಳೆಯೂ ಉಳಿಯದಂತೆ ಬೂದಿಯಾಯಿತು. ಒಟ್ಟು ನಷ್ಟವು ಸುಮಾರು ೧೦,೦೦೦ ಪೌಂಡುಗಳೆಂದು ಅಂದಾಜು ಮಾಡಿದರು.

ಇನ್ನು ದೊರೆತದ್ದೇನು? ಇಲ್ಲಿ ಅಚ್ಚಿನ ಕೆಲಸವನ್ನು ಅರಿಯದ ವಾಚಕರಿಗೆ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಒಂದು ಅಕ್ಷರವನ್ನು ಅಚ್ಚಿಗೆ ತರಬೇಕಾದರೆ, ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅದನ್ನು ತಿರುಗುಮುರುಗಾಗಿ ಕೆತ್ತಬೇಕು; ಅದಕ್ಕೆ ಪಂಚು ಎನ್ನುತ್ತಾರೆ. ಪಂಚನ್ನು ತಾಮ್ರದ ತುಂಡಿಗೆ ಹೊಡೆದರೆ ಅಚ್ಚಿನ ಗುಳಿ ಬೀಳುತ್ತದೆ. ಆ ಗುಳಿಗೆ ಕರಗಿದ ಸೀಸವನ್ನು ಹೊಯ್ದು ಮೊಳೆಗಳನ್ನು ಎಷ್ಟು ಬೇಕಾದರೂ ಪಡೆಯಬಹುದು. ಸೀಸವು ಬೇಗ ಕರಗುವ ಲೋಹ. ಉಕ್ಕಿನ ಪಂಚು ಹಾಗಲ್ಲ. ಬಿಸಿ ಆರುವ ಮೊದಲೇ ಕೂಲಿಯವರನ್ನು ಕರೆತಂದು ವಾರ್ಡನು ಬೂದಿಯನ್ನು ಕೆದಕಿಸಿದಾಗ, ಸಾವಿರಗಟ್ಟಲೆ ಪಂಚುಗಳು ಕೆಡದೆ ಸಿಕ್ಕಿದುವು. ಅಚ್ಚಿನ ಯಂತ್ರಗಳೂ ಬೇರೆ ಕೋಣೆಯಲ್ಲಿದ್ದ ಕಾರಣ ಉಳಿದುವು. ಬಾಡಿಗೆದಾರರು ಕೆಲವೇ ದಿನಗಳ ಮುಂಚೆ ಬಿಟ್ಟುಹೋಗಿದ್ದ ದೊಡ್ಡ ಉಗ್ರಾಣವೊಂದು ಪಕ್ಕದಲ್ಲೇ ಖಾಲಿಯಿತ್ತು. ಕರಗಿ ಹೆಪ್ಪುಗಟ್ಟಿದ ಸೀಸವನ್ನೇ ಮತ್ತೆ ಕರಗಿಸಿ, ಕೆಲವು ವಾರಗಳಲ್ಲಿ ಅಲ್ಲಿ ಮೊಳೆ ಎರಕ ಹೊಯ್ಯಲು ಆರಂಭಿಸಿದರು. ಸುದ್ದಿಯು ಇಂಗ್ಲೆಂಡಿಗೆ ತಲಪಿದ ಎರಡು ತಿಂಗಳೊಳಗಾಗಿ ನಷ್ಟದ ಹಣವೆಲ್ಲ ಚಂದಾ ರೂಪದಲ್ಲಿ ಕೂಡಿಬಂದಿತು.

ಆ ಪಂಚುಗಳ ವಿಷಯದಲ್ಲಿ ನಮಗೆ ಒಂದು ಸಂಗತಿಯು ಬಹಳ ಹಿಡಿಸಿತು. ಅಲ್ಲಿನ ಅಕ್ಷರ ಕೆತ್ತನೆಗೆ ತಳಹದಿ ಹಾಕಿದವನು ಪಂಚಾನನ ಕರ್ಮಕಾರನೆಂಬ ಬಂಗಾಳಿ ಕಮ್ಮಾರ. ಬೆಂಕಿ ಬೀಳುವುದಕ್ಕೆ ವರ್ಷಗಳ ಮುಂಚೆಯೇ ಅವನು ತೀರಿಕೊಂಡಿದ್ದನು. ಅವನ ಅಳಿಯ ಮನೋಹರನು ಆ ಕೆಲಸವನ್ನು ಮುಂದುವರಿಸಿದನು. ಪಾದ್ರಿಗಳ ಮುಂದಿನ ದಾರಿಯು ಹಿಂದೂ ಕಮ್ಮಾರನೊಬ್ಬನ ಉಳಿಯ ತುದಿಯಲ್ಲಿ ಸಿದ್ಧವಾಗಿತ್ತು!

ನಮ್ಮ ಹೋಟೆಲಿನ ಅಡುಗೆಮನೆಗೂ ಒಮ್ಮೆ ಬೆಂಕಿ ಬಿದ್ದಿತ್ತು. ಮೇಜು ಬೆಂಚುಗಳೂ ಮೂಟೆಗಳೂ ಹೋದುವು. ದೋಸೆಯ ಕಾವಲಿ ಮತ್ತು ರುಬ್ಬುವ ಕಲ್ಲು ಉಳಿದುವು. ಅವೆರಡರಿಂದಲೇ ಮೂರನೆಯ ದಿನ ಬಾಗಿಲು ತೆರೆದೆವು. ಅಂದು ನಮಗೆ ದೇವರ ನೆನಪಾಯಿತೆಂದರೆ ಸುಳ್ಳಾದೀತು. ವಿಮೆ ಮಾಡಿಸದೆ ಹೋದುದರ ನೆನಪೇ ಆಗಿತ್ತು.

ಬೆಂಕಿಯ ನಂತರದ ಭಾನುವಾರ ಕೇರಿಯು ೪೬ನೆಯ ಕೀರ್ತನೆಯ ಹತ್ತನೆಯ ವಚನವನ್ನು ಆಧಾರವಾಗಿಟ್ಟು ಪ್ರಸಂಗ ಮಾಡಿದನು. ದೇವರಿಗೆ ತನ್ನ ಇಚ್ಛೆಯಂತೆ ನಡೆಸುವ ಹಕ್ಕಿದೆ, ನಮ್ಮದು ಸುಮ್ಮನೆ ತಲೆಬಾಗುವ ಧರ್ಮ ಎಂಬುದು ಅದರ ತಾತ್ಪರ್ಯ. ಆದರೆ ಅವನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಒಮ್ಮೆ ನಡೆದ ದಾರಿಯನ್ನು ಎರಡನೆಯ ಬಾರಿ ನಡೆಯುವುದು ಸುಲಭವೆಂದು ಸ್ನೇಹಿತರಿಗೆ ಬರೆದು, ಲೇಖನಿಯನ್ನು ಹಿಡಿದನು. ೧೮೧೭ರಲ್ಲಿ ಅವನ ಕನ್ನಡ ವ್ಯಾಕರಣವು ಅಲ್ಲಿಯೇ ಅಚ್ಚಾಯಿತು. ಕನ್ನಡ ಅಕ್ಷರಗಳು ಮೊಳೆಯ ಅಚ್ಚಿನಲ್ಲಿ ಪುಸ್ತಕವಾಗಿ ಬಂದದ್ದರಲ್ಲಿ ಅದು ಮೊದಲನೆಯ ಸಾಲಿನದು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ; ಆದರೆ ನಿಜವಾಗುವುದಿಲ್ಲ. ಆ ಮಹಾಕೋಶವು ಮತ್ತೆ ಎಂದೂ ಹುಟ್ಟಲಿಲ್ಲ. ಕನ್ನಡ ಹೊಸ ಒಡಂಬಡಿಕೆಯನ್ನು ಪುನಃ ಸಿದ್ಧಪಡಿಸಿ ೧೮೨೦ರ ದಶಕದ ಮೊದಲಲ್ಲಿ ಶ್ರೀರಾಮಪುರದವರು ಅಚ್ಚುಹಾಕಿದರೂ, ನಮ್ಮ ನಾಡಿನ ಕ್ರೈಸ್ತರ ಕೈಯಲ್ಲಿ ನಿಂತದ್ದು ಅದಲ್ಲ. ೧೮೧೦ರಿಂದ ಬಳ್ಳಾರಿಯಲ್ಲಿ ಕುಳಿತು ಕನ್ನಡ ಕಲಿತ ಜಾನ್ ಹ್ಯಾಂಡ್ಸ್ ಪಾದ್ರಿಯ ಅನುವಾದವೇ ಬಳಕೆಗೆ ಬಂದು, ಮುಂದೆ ಬಾಸೆಲ್ ಮಿಷನಿನವರೂ ಸೇರಿ ಅದನ್ನು ತಿದ್ದಿದರು. ಇದನ್ನು ನಾವು ಮಿತ್ರರ ಮುಂದೆ ಎತ್ತಿ, "ಕೇರಿಯ ಎರಡನೆಯ ದುಡಿಮೆಯೂ ವ್ಯರ್ಥವಾಯಿತಲ್ಲವೆ?" ಎಂದೆವು.

"ಸಿದ್ಧತೆ ದೇವರದಾದರೆ ಅದು ಕೇರಿಯ ಮೇಜಿನ ಮೇಲೆಯೇ ಇರಬೇಕೆಂಬ ನಿಯಮವುಂಟೆ? ಬಳ್ಳಾರಿಯಲ್ಲಿ ಇತ್ತು" ಎಂದರು ಅವರು. ಬಳಿಕ ಅಬ್ರಹಾಮನ ಪ್ರಸಂಗವನ್ನು ನೆನಪಿಸಿದರು. ಬೆಟ್ಟವನ್ನು ಹತ್ತುವಾಗ ಅವನಿಗೆ ಟಗರು ಕಾಣಲಿಲ್ಲ. ತುದಿಯನ್ನು ಮುಟ್ಟಿ, ಕತ್ತಿಯನ್ನು ಎತ್ತಿದ ಮೇಲೆ ಪೊದೆಯಲ್ಲಿ ಕಂಡಿತು. ಆ ಸ್ಥಳಕ್ಕೆ ಅವನಿಟ್ಟ ಯೆಹೋವ ಯೀರೆ ಎಂಬ ಹೆಸರಿಗೆ ಕರ್ತನು ಒದಗಿಸುವನೆಂದೇ ಅರ್ಥವಂತೆ.

ನಮ್ಮ ಮನಸ್ಸು ಮಾತ್ರ ಡೊರೊಥಿಯ ಕಡೆಗೆ ಹೋಗಿತ್ತು. ೧೭೯೩ರಲ್ಲಿ ಗಂಡನ ನಂಬಿಕೆಯ ಹಿಂದೆ ಮನಸ್ಸಿಲ್ಲದ ಮನಸ್ಸಿನಿಂದ ಹಡಗು ಹತ್ತಿ ಬಂದ ಹೆಂಡತಿ ಅವಳು. ಮರುವರ್ಷವೇ ಚಿಕ್ಕ ಮಗ ಪೀಟರನು ಆಮಶಂಕೆಯಿಂದ ತೀರಿಕೊಂಡನು. ಅವಳ ಬುದ್ಧಿಯು ಕದಡಿತು. ೧೮೦೭ರಲ್ಲಿ ಸಾಯುವವರೆಗೂ ತಿಳಿಯಾಗಲಿಲ್ಲ. ಅವಳಿಗೆ ಸಿದ್ಧವಾಗಿದ್ದುದೇನು? ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. "ಅದನ್ನು ನಾನು ಹೇಳಲಾರೆ. ಹೇಳಬಲ್ಲೆನೆಂದು ಬರುವ ಬೋಧಕರನ್ನು ನಾನು ನಂಬುವುದಿಲ್ಲ" ಎಂದರು. ಅವರ ಮೇಲಿನ ನಮ್ಮ ಗೌರವವು ಹೆಚ್ಚಿದ್ದು ಈ ಮಾತಿನಿಂದ.

ಕೇರಿಯು ೧೮೩೪ರ ಜೂನ್ ೯ರಂದು ಶ್ರೀರಾಮಪುರದಲ್ಲಿಯೇ ಮೃತನಾದನು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಷನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದ ಹರ್ಮನ್ ಮೋಗ್ಲಿಂಗನು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದು. ನಮ್ಮಂತಹವರ ಇಂದಿನ ಅನ್ನಕ್ಕೂ ಅದೇ ಆದಿ. ಬೂದಿಯಲ್ಲಿ ಕನ್ನಡದ ಹಾಳೆಗಳನ್ನು ಕಳೆದುಕೊಂಡ ಮುದುಕನಿಗೆ ಇದಾವುದೂ ತಿಳಿಯದು.

ಸಂಜೆಯ ಲೋಕಲಿನಲ್ಲಿ ಹಿಂದಿರುಗುವಾಗ ನೂಕುನುಗ್ಗಲು ಹೆಚ್ಚಾಗಿತ್ತು. ಹೌರಾ ಸಮೀಪಿಸುತ್ತಿದ್ದಂತೆ ಮಿತ್ರರು ಜೇಬಿನಿಂದ ಚೀಟಿಯೊಂದನ್ನು ತೆಗೆದು ನಮ್ಮ ಕೈಗಿತ್ತರು. ಇಬ್ಬರೇ ಇರುವ ಕುಟುಂಬಕ್ಕೆ ಎರಡು ಕೋಣೆಗಳ ಬಾಡಿಗೆ ಮನೆ ಬೇಕಾಗಿದೆಯೆಂಬ ಮೂರು ಸಾಲಿನ ಜಾಹೀರಾತು. ನಾವು ಹಣ ಬೇಡವೆಂದರೂ ಅವರು ಕೇಳಲಿಲ್ಲ. ದರವೆಷ್ಟೆಂದು ವಿಚಾರಿಸಿ, ಮೂರು ವಾರಗಳಿಗಾಗುವಷ್ಟನ್ನು ಎಣಿಸಿಕೊಟ್ಟರು.