ಹಟಮಾರಿ ಮೆಟ್ನರ್, ಮೈಸೂರಿನ ಹಣ

1910ರಲ್ಲಿ ಮಾಸ್ಕೊದಲ್ಲೊಂದು ತಾಲೀಮು. ಬೀಥೋವನ್‌ನ ನಾಲ್ಕನೇ ಪಿಯಾನೊ ಕನ್ಸರ್ಟೊ ನಡೆಯುತ್ತಿತ್ತು. ವಾದ್ಯವೃಂದವನ್ನು ನಡೆಸುತ್ತಿದ್ದವನು ಹಾಲೆಂಡಿನ ವಿಲೆಮ್ ಮೆಂಗೆಲ್‌ಬರ್ಗ್, ಆಗಲೇ ಯುರೋಪಿನಲ್ಲೆಲ್ಲ ಹೆಸರಾಗಿದ್ದವನು. ಪಿಯಾನೊ ಮುಂದೆ ಕುಳಿತಿದ್ದವನು 30ರ ಹರೆಯದ ನಿಕೊಲಾಯ್ ಮೆಟ್ನರ್. ಕಾಲಪ್ರಮಾಣದ ವಿಷಯಕ್ಕೆ ಇಬ್ಬರಿಗೂ ಜಟಾಪಟಿಯಾಯಿತು. ಮೆಟ್ನರ್ ಎದ್ದು ಹೊರಟೇಬಿಟ್ಟ. ಪತ್ರಿಕೆಗಳಲ್ಲಿ ದೊಡ್ಡ ರಗಳೆಯೇ ಎದ್ದಿತು.

ಈ ಮನುಷ್ಯನ ಬದುಕೆಲ್ಲ ಹೀಗೆಯೇ. ಬಂದ ಅವಕಾಶಕ್ಕೆ ಬೆನ್ನು ತಿರುಗಿಸುವುದು ಅವನಿಗೆ ಹುಟ್ಟುಗುಣ. 1880ರ ಜನವರಿಯಲ್ಲಿ ಮಾಸ್ಕೊದಲ್ಲಿ, ಜರ್ಮನ್ ಮೂಲದ ಮನೆತನದಲ್ಲಿ ಹುಟ್ಟಿದ. ಮೊದಲ ಪಾಠ ತಾಯಿಯಿಂದ. ಹನ್ನೆರಡರ ವಯಸ್ಸಿಗೆ ಮಾಸ್ಕೊ ಕನ್ಸರ್ವೇಟರಿ ಸೇರಿದ. 1900ರಲ್ಲಿ ಓದು ಮುಗಿಸಿ ಹೊರಬಂದಾಗ ಗುರು ಸಫೋನೊವ್‌ಗೆ ಈ ಹುಡುಗ ಯುರೋಪನ್ನೇ ಗೆಲ್ಲುತ್ತಾನೆಂಬ ಭರವಸೆಯಿತ್ತು. ಶಿಷ್ಯ ಮಾತ್ರ ಕಛೇರಿ ಪ್ರವಾಸ ಒಲ್ಲೆನೆಂದ, ಸಂಗೀತ ರಚನೆಗೆ ಕುಳಿತ. ಅಲ್ಲಿಂದ ಮುಂದೆ ವೇದಿಕೆ ಏರಿದ್ದು ಬಹುಪಾಲು ತನ್ನದೇ ಕೃತಿಗಳನ್ನು ನುಡಿಸಲು. 14 ಸೊನಾಟ, ಮೂರು ಕನ್ಸರ್ಟೊ, ನೂರಕ್ಕೂ ಹೆಚ್ಚು ಹಾಡುಗಳು, ‘ಕಥೆಗಳು’ ಎಂದು ಅವನು ಕರೆದ 30ಕ್ಕೂ ಹೆಚ್ಚು ಪುಟ್ಟ ರಚನೆಗಳು. ಪಿಯಾನೊ ಇಲ್ಲದ ಕೃತಿ ಅವನ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಕ್ರಾಂತಿಯ ನಂತರ, 1921ರಲ್ಲಿ ಹೆಂಡತಿ ಅನ್ನಾಳೊಂದಿಗೆ ರಷ್ಯಾ ಬಿಟ್ಟ. ಬರ್ಲಿನ್ ಕೈಹಿಡಿಯಲಿಲ್ಲ, ಪ್ಯಾರಿಸ್ ಕಣ್ಣೆತ್ತಿಯೂ ನೋಡಲಿಲ್ಲ. ಅಲ್ಲಿ ಆಗ ಸ್ಟ್ರಾವಿನ್‌ಸ್ಕಿಯ ಗಾಳಿ. ಮೆಟ್ನರ್ ಆ ಗಾಳಿಗೆ ತೂರಿಕೊಳ್ಳುವ ಬದಲು 1935ರಲ್ಲಿ ಹೊಸ ಸಂಗೀತವನ್ನೆಲ್ಲ ಝಾಡಿಸುವ ಒಂದು ಪುಸ್ತಕವನ್ನೇ ಬರೆದ! ಅದನ್ನು ಅಚ್ಚುಹಾಕಿಸಿದ್ದು ಗೆಳೆಯ ರಾಕ್ಮನಿನೊಫ್. ಅಮೆರಿಕದ ಪ್ರವಾಸ ಕುದುರಿಸಿಕೊಟ್ಟಿದ್ದೂ, ಆಗಾಗ ಸಂಸಾರ ದಾಟಿಸಿದ್ದೂ ಅವನೇ. ರಾಕ್ಮನಿನೊಫ್‌ನ ನಾಲ್ಕನೇ ಕನ್ಸರ್ಟೊ ಮೆಟ್ನರ್‌ಗೆ ಅರ್ಪಿತ, ಮೆಟ್ನರನ ಎರಡನೆಯದು ರಾಕ್ಮನಿನೊಫ್‌ಗೆ.

ಕೊನೆಯ ನೆಲೆ ಲಂಡನ್ನಿನ ಗೋಲ್ಡರ್ಸ್ ಗ್ರೀನ್. ಎರಡನೇ ಮಹಾಯುದ್ಧ ಶುರುವಾದದ್ದೇ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಬಾಂಬಿನ ಕಾಟಕ್ಕೆ ಮನೆ ಬಿಟ್ಟ ದಂಪತಿಗೆ ಶಿಷ್ಯೆ, ಪಿಯಾನೊ ವಾದಕಿ ಎಡ್ನಾ ಐಲ್ಸ್ ಕುಟುಂಬ ಆಸರೆ ಕೊಟ್ಟಿತು. 1942ರಲ್ಲಿ ಹೃದಯಾಘಾತ. ಹಾಗಿದ್ದೂ ಮೂರನೇ ಕನ್ಸರ್ಟೊ ಮುಗಿಸಿ, 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾನೇ ನುಡಿಸಿದ. ಜನ ಮೆಚ್ಚಿದರು, ಮರೆತರು.

ಆಗ ಮೈಸೂರಿನಿಂದ ಕರೆ ಬಂತು. ಜಯಚಾಮರಾಜ ಒಡೆಯರ್ 1940ರಲ್ಲಿ, 21ರ ಪ್ರಾಯದಲ್ಲಿ ಪಟ್ಟಕ್ಕೆ ಬಂದವರು. ಶ್ರೀವಿದ್ಯಾ ಸಂಪ್ರದಾಯದ 94 ಕೃತಿಗಳ ವಾಗ್ಗೇಯಕಾರರೆಂದು ಅವರನ್ನು ನಾವು ಬಲ್ಲೆವು. ಆದರೆ ಪಿಯಾನೊ ಅವರ ಮೊದಲ ಒಲವು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ ಪಡೆದಿದ್ದರು. ಪಟ್ಟ ಬಾರದಿದ್ದರೆ ಕಛೇರಿ ವಾದಕರೇ ಆಗುತ್ತಿದ್ದರೇನೋ. ವಾದಕನ ದಾರಿ ತೆರೆದಿದ್ದಾಗ ಒಲ್ಲೆನೆಂದ ಒಬ್ಬ, ಬೇಕೆಂದರೂ ಆಗದಿದ್ದ ಇನ್ನೊಬ್ಬರು: ಇಬ್ಬರೂ ಒಂದೇ ಲೆಕ್ಕದ ಪುಸ್ತಕದಲ್ಲಿ ಸೇರಿದರು. ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ಧ್ವನಿಮುದ್ರಿಸುವ ಖರ್ಚನ್ನು ಮಹಾರಾಜರು ಹೊತ್ತರು. ಎಚ್‌ಎಂವಿಗಾಗಿ ‘ಮೆಟ್ನರ್ ಸೊಸೈಟಿ’ ಹುಟ್ಟಿತು.

ಆ ಕಾಲದ 78ರ ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಸುತ್ತಿರಲಿಲ್ಲ. ಅರ್ಧ ಗಂಟೆಗೂ ಮೀರಿದ ಕನ್ಸರ್ಟೊವನ್ನು ತುಂಡುತುಂಡಾಗಿ ನುಡಿಸಬೇಕು. ಕತ್ತರಿಸಿ ಜೋಡಿಸುವಂತಿಲ್ಲ, ಒಂದು ಬೆರಳು ಜಾರಿದರೆ ಆ ಮಗ್ಗುಲು ಪೂರ್ತಿ ಮತ್ತೆ ಮೊದಲಿನಿಂದ. 67ರ ವಯಸ್ಸಿನ, ಎದೆಬೇನೆಯ ಮುದುಕ 1947ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಹೀಗೆ ಮೂರೂ ಕನ್ಸರ್ಟೊ ನುಡಿಸಿದ. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್‌ಗೆ ತನ್ನ ಹಾಡುಗಳಿಗೆ ಪಿಯಾನೊ ಸಹಕಾರ ಕೊಟ್ಟ. 1951ರ ನವೆಂಬರ್‌ನಲ್ಲಿ ತೀರಿಕೊಂಡ.

1947 ಎಂದರೆ ಮೈಸೂರಿಗೆ ಎಂಥ ವರ್ಷ ಎಂಬುದನ್ನೂ ಹೇಳಬೇಕು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ, ಲಾಠಿ, ಜೈಲು. ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ. ಅಂಥ ಹೊತ್ತಿನಲ್ಲಿ ಲಂಡನ್ನಿನ ರಷ್ಯನ್ ಮುದುಕನಿಗೆ ಹಣವೇ ಎಂದು ಅಂದಿನ ಸತ್ಯಾಗ್ರಹಿಯೊಬ್ಬ ಕೇಳಿದ್ದರೆ ಅದು ತಪ್ಪು ಪ್ರಶ್ನೆಯಲ್ಲ. ಫಿಲ್ಹಾರ್ಮೋನಿಯಾ ಸ್ಥಾಪಕ ವಾಲ್ಟರ್ ಲೆಗ್‌ಗೂ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು ಇದೇ ದೊರೆಯಿಂದ ಸಂದಿತು. ನನಗಂತೂ ಆ ಪ್ರಶ್ನೆ ಬಗೆಹರಿಯುವಂಥದ್ದಲ್ಲ ಎನಿಸುತ್ತದೆ. ಆದರೆ ಈ ತಟ್ಟೆಗಳಿಲ್ಲದಿದ್ದರೆ ಇಳಿವಯಸ್ಸಿನ ಮೆಟ್ನರ್ ತನ್ನ ಕನ್ಸರ್ಟೊಗಳನ್ನು ಹೇಗೆ ನುಡಿಸುತ್ತಿದ್ದನೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಅನ್ನಾ 1958ರಲ್ಲಿ ಗಂಡನ ಹಸ್ತಪ್ರತಿಗಳೊಂದಿಗೆ ಮಾಸ್ಕೊಗೆ ಮರಳಿದಳು. ಮುಂದಿನ ಕೆಲ ವರ್ಷಗಳಲ್ಲಿ ಸಮಗ್ರ ಕೃತಿಗಳು ಅಲ್ಲಿಯೇ ಅಚ್ಚಾದವು.

ಹೊಸದಾಗಿ ಕೇಳುವವರು ‘ನೈಟ್ ವಿಂಡ್’ ಸೊನಾಟದಿಂದ ಶುರುಮಾಡದಿರುವುದು ಲೇಸು. ಅರ್ಧ ಗಂಟೆ ಎಲ್ಲೂ ಉಸಿರುಬಿಡಗೊಡದ ಕೃತಿ ಅದು. ‘ಸೊನಾಟ ರೆಮಿನಿಸೆಂಜಾ’ ಕಾಲು ಗಂಟೆಯ ಆಸುಪಾಸು. ಎಮಿಲ್ ಗಿಲೆಲ್ಸ್ ನುಡಿಸಿದ್ದು ಸುಲಭವಾಗಿ ಸಿಗುತ್ತದೆ. ಆಮೇಲೆ ಮೂರನೇ ಕನ್ಸರ್ಟೊ. ನಿಚ್ಚಳ ಧ್ವನಿ ಬೇಕಿದ್ದರೆ ನಿಕೊಲಾಯ್ ಡೆಮಿಡೆಂಕೊ ಇದ್ದಾನೆ. ನನ್ನ ಓಟು ಮಾತ್ರ ಮೆಟ್ನರನ ಗರಗರ ತಟ್ಟೆಗೇ: ಭಾವುಕನಾಗಿ ಎಳೆದಾಡಬಹುದಾದ ಕಡೆಗಳಲ್ಲೆಲ್ಲ ಅವನು ಎಳೆದಾಡದೆ, ನೇರ ಲಯದಲ್ಲಿ ದಾಟಿಕೊಂಡು ಹೋಗುತ್ತಾನೆ.